ಉಳಿದ ಜೀವ ಯಾರ ಲೆಕ್ಕಕ್ಕೆ?

ಕೌಬಾಯ್ ಸಿನಿಮಾದಲ್ಲಿ ಹೆರಿಗೆ ನೋವು ಶುರುವಾಯಿತೆಂದರೆ ಯಾರಾದರೊಬ್ಬರು ಬಿಸಿನೀರಿಗೆ ಕೂಗು ಹಾಕುತ್ತಾರೆ. ಆ ನೀರನ್ನು ಏನು ಮಾಡಿದರು ಅನ್ನುವುದು ಮಾತ್ರ ನಮಗೆ ಕಾಣುವುದಿಲ್ಲ. ಹರಪನಹಳ್ಳಿ ಸೀಮೆಯ ಉಪಕೇಂದ್ರಗಳಲ್ಲಿ ನರ್ಸಮ್ಮ ಅನ್ನಿಸಿಕೊಂಡೇ ಸರ್ವಿಸ್ ಮುಗಿಸಿದ ನನಗೆ ಇದು ನಗು ತರಿಸುತ್ತದೆ. ನಾವು ಕುದಿಸುತ್ತಿದ್ದುದು ಕತ್ತರಿಯನ್ನು, ಹೊಕ್ಕಳುಬಳ್ಳಿ ಕಟ್ಟುವ ದಾರವನ್ನು. ಮಗ ಟಿವಿಯಲ್ಲಿ ಹಾಕಿಕೊಟ್ಟ ಜಾನ್ ಫೋರ್ಡ್‌ನ 'ಸ್ಟೇಜ್‌ಕೋಚ್' (1939) ನೋಡಿದಾಗಲೂ ಹೀಗೇ ನಕ್ಕಿದ್ದೆ. ಅದರಲ್ಲಿ ಊರವರು ಹೊರಗಟ್ಟಿದ ಕುಡುಕ ಡಾಕ್ಟರ್ ಬೂನ್ ಇದ್ದಾನೆ. ಕಾಫಿ ಮೇಲೆ ಕಾಫಿ ಕುಡಿಸಿ ಅವನ ಅಮಲು ಇಳಿಸುತ್ತಾರೆ, ಅವನು ಹೆರಿಗೆ ಮಾಡಿಸುತ್ತಾನೆ. ಕೂಸು ಅತ್ತಿತು, ಅಲ್ಲಿಗೆ ಮುಗಿಯಿತು. ಯಾರೂ ಯಾರಿಗೂ ಬಾಕಿ ಉಳಿಯಲಿಲ್ಲ.

ನಿದ್ದೆ ಕೆಡಿಸಿದ್ದು ಇನ್ನೊಂದು ಸಿನಿಮಾ, 1959ರ 'ದಿ ಹ್ಯಾಂಗಿಂಗ್ ಟ್ರೀ'. ಮೊಂಟಾನಾದ ಚಿನ್ನದ ಗಣಿಯ ಊರು. ಗ್ಯಾರಿ ಕೂಪರ್ ಅಲ್ಲಿಯ ಡಾಕ್ಟರ್ ಫ್ರೇಲ್. ಚಿನ್ನ ಕದಿಯಲು ಹೋಗಿ ಗುಂಡೇಟು ತಿಂದ ಹುಡುಗನೊಬ್ಬನ ಮೈಯಿಂದ ಅವನು ಗುಂಡು ತೆಗೆಯುತ್ತಾನೆ. ಆಮೇಲೆ ಹೇಳುತ್ತಾನೆ: ನೀನಿನ್ನು ನನ್ನ ಆಳು. ಓಡಿಹೋದರೆ ಈ ಗುಂಡೇ ಸಾಕ್ಷಿ, ಊರವರು ನಿನ್ನನ್ನು ನೇಣಿಗೆ ಹಾಕುತ್ತಾರೆ. ಅದೇ ಊರಿನಲ್ಲಿ ದೇವರ ಹೆಸರಿನಲ್ಲಿ ರೋಗ ವಾಸಿಮಾಡುವೆನೆನ್ನುವ ಗ್ರಬ್ ಎಂಬವನೂ ಇದ್ದಾನೆ, ಡಾಕ್ಟರನ್ನು ಕಂಡರೆ ಕೆಂಡ ಕಾರುತ್ತಾನೆ. ನೋಡುವವರು ಇದನ್ನು ವೈದ್ಯಕ್ಕೂ ದೈವಕ್ಕೂ ಜಗಳ ಎಂದುಕೊಳ್ಳಬಹುದು. ನನಗೆ ಹಾಗೆ ತೋರಲಿಲ್ಲ. ಉಳಿದ ಜೀವದ ಮೇಲೆ ಉಳಿಸಿದವರಿಗೆ ಹಕ್ಕುಂಟೇ, ಇದು ಪ್ರಶ್ನೆ.

ನಮ್ಮ ಕಡೆ ಈ ಪ್ರಶ್ನೆ ದೇವರಿಗೂ ಸಲ್ಲುತ್ತದೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಯಾವ ಕಡೆಯ ಹಳ್ಳಿಗೆ ಹೋದರೂ ಕೂಸಿಗೆ ಜ್ವರ ಏರಿದೊಡನೆ ಮೊದಲು ಕಟ್ಟುವುದು ಹರಕೆ. ನಾನದನ್ನು ಹಳಿಯುವುದಿಲ್ಲ. ಬಸ್ಸಿಲ್ಲದ ಅಪರಾತ್ರಿಯಲ್ಲಿ, ದಾವಣಗೆರೆಯ ದೊಡ್ಡಾಸ್ಪತ್ರೆ ಬೆಳಗಿನ ಮಾತಾಗಿರುವಾಗ, ತಾಯಾದವಳ ಕೈಯಲ್ಲಿ ಇರುವುದು ಅದೊಂದೇ. ಕೊಟ್ಟೂರಿಗೆ ಪಾದಯಾತ್ರೆ ಹೋಗುವವನು ತನ್ನ ಕಾಲು ಸವೆಸಿ ತೀರಿಸುತ್ತಾನೆ. ಮೈಲಾರದಲ್ಲಿ ಸರಪಳಿ ಹರಿಯುವವನು ತನ್ನ ರಟ್ಟೆಯಿಂದ ತೀರಿಸುತ್ತಾನೆ. ತನ್ನ ಸಾಲವನ್ನು ತನ್ನ ಮೈಯಿಂದಲೇ ತೀರಿಸಿದರೆ ನನ್ನ ತಕರಾರೇನಿಲ್ಲ.

ತಕರಾರು ಬಂದದ್ದು 1990ರ ದಶಕದ ಕೊನೆಯಲ್ಲಿ. ತಾಲೂಕು ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಸೇರಿದ ಹೊಸತು. ಊರಲ್ಲಿ ವಾಂತಿಭೇದಿ. ದಲಿತರ ಕೇರಿಯ ಒಬ್ಬ ಹುಡುಗನನ್ನು ಹೊತ್ತು ತಂದರು. ಕಣ್ಣು ಗುಳಿಬಿದ್ದಿತ್ತು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಲ್ಲುತ್ತಿತ್ತು. ಲೀಟರ್ ನೀರಿಗೆ ಒಂದು ಪೊಟ್ಟಣ ಓಆರ್‌ಎಸ್ ಕಲಸಿ ಚಮಚೆಯಲ್ಲಿ ಹಾಕುತ್ತ ಕೂತೆವು, ನಾನೊಮ್ಮೆ, ಅವನ ಅಕ್ಕ ಒಮ್ಮೆ. ಅವಳಿಗೆ ಹತ್ತು ವರ್ಷವಿದ್ದೀತು. ಕಕ್ಕಿದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಚಮಚೆ. ಬೆಳಗಿನ ಜಾವ ಹುಡುಗ ಉಚ್ಚೆ ಹೊಯ್ದ. ನನ್ನ ಕಸುಬಿನಲ್ಲಿ ಅದಕ್ಕಿಂತ ಒಳ್ಳೆ ಸುದ್ದಿ ಇಲ್ಲ.

ವಾರದ ಮೇಲೆ ತಾಯಿ ಬಂದು ಹೇಳಿದಳು: "ನರ್ಸಮ್ಮಾ, ಉಚ್ಚಂಗೆಮ್ಮಗೆ ಬೇಡ್ಕಂಡಿದ್ದೆ. ಹುಡುಗ ಉಳದ. ಭರತ ಹುಣ್ಣಿಮಿಗೆ ಹುಡುಗೀಗೆ ಮುತ್ತು ಕಟ್ಟಿಸ್ತೀವಿ."

ಮುತ್ತು ಕಟ್ಟಿಸುವುದೆಂದರೆ ಉಚ್ಚಂಗಿ ಗುಡ್ಡದ ಆ ದೇವಿಗೆ ಹುಡುಗಿಯನ್ನು ದೇವದಾಸಿಯಾಗಿ ಬಿಡುವುದು. ತಮ್ಮನ ಜೀವಕ್ಕೆ ಅಕ್ಕ. ಅದೂ ರಾತ್ರಿಯಿಡೀ ಚಮಚೆ ಹಿಡಿದಿದ್ದ ಅಕ್ಕ. ಅದೇ ವಾಂತಿಭೇದಿಯಲ್ಲಿ ಗೌಡರ ಮನೆಯ ಮಗುವೂ ಉಳಿದಿತ್ತು, ಅವರು ದೇವಿಗೆ ಬೆಳ್ಳಿ ತೊಟ್ಟಿಲು ಕೊಟ್ಟು ಕೈ ತೊಳೆದುಕೊಂಡರು. ಒಂದೇ ದೇವಿ, ಒಂದೇ ರೋಗ. ಒಂದು ಮನೆಯಿಂದ ಬೆಳ್ಳಿ, ಇನ್ನೊಂದು ಮನೆಯಿಂದ ಹೆಣ್ಣುಮಗಳು. ಈ ದರ ಗುಡ್ಡದ ಮೇಲೆ ನಿಗದಿಯಾದದ್ದಲ್ಲ, ಊರೊಳಗೇ ಆದದ್ದು. ಜೀವ ಕೊಟ್ಟ ದೇವಿ ತಾಯಿಯಾದರೆ ಲೆಕ್ಕ ಇಡುತ್ತಾಳೆಯೇ? ಫ್ರೇಲ್ ಹುಡುಗನ ಮುಖ ನೋಡಿ ನೀನು ನನ್ನವನು ಎಂದ, ಎದುರು ನಿಂತು ಬೈಯಲಿಕ್ಕಾದರೂ ಒಬ್ಬನಿದ್ದ. ಇಲ್ಲಿ ದೇವಿ ಬಾಯಿ ಬಿಟ್ಟಿಲ್ಲ. ಅವಳ ಹೆಸರಿನಲ್ಲಿ ವಸೂಲಿಗೆ ನಿಂತವರು ನಾವು.

ದೇವದಾಸಿ ಬಿಡುವುದರ ವಿರುದ್ಧ ಕಾನೂನು ಇರಲಿಲ್ಲವೆಂದಲ್ಲ. ನಾವು ಮದ್ರಾಸಿಗೆ ಸೇರಿದ್ದಾಗಲೇ 1947ರಲ್ಲಿ ಒಂದು, ಕರ್ನಾಟಕದ್ದು 1982ರಲ್ಲಿ ಇನ್ನೊಂದು. ಪೊಲೀಸರ ಹೆಸರೆತ್ತಿದರೆ ತಾಯಿ ಹೆದರಿಯಾಳು, ಋಣ ಹಾಗೇ ಉಳಿದೀತು. ಗುಟ್ಟಾಗಿ ಇನ್ನೆಲ್ಲೋ ಕಟ್ಟಿಸಿಯಾಳು. ಅದಕ್ಕೆ ನಾನು ಫ್ರೇಲ್‌ನ ದಾರಿಯನ್ನೇ ಹಿಡಿದೆ, ಆಗ ಅವನ ಹೆಸರೂ ಕೇಳಿರಲಿಲ್ಲ ಅನ್ನಿ. "ದೇವಿ ಒಬ್ಬಳೇ ಉಳಿಸಿದಳೇನವ್ವಾ? ರಾತ್ರಿಯೆಲ್ಲ ಕೂತವಳು ನಾನು. ಅರ್ಧ ಋಣ ನನ್ನದು. ನನ್ನ ಪಾಲಿಗೆ ಹುಡುಗೀನ ಬಿಡು, ಹಾಸ್ಟೆಲಿಗೆ ಸೇರಿಸ್ತೀನಿ. ದೇವಿ ಪಾಲಿಗೆ ಬೆಳ್ಳಿ ತೊಟ್ಟಿಲು ಕೊಡೋಣ, ಅರ್ಧ ದುಡ್ಡು ನಂದು." ಅವಳು ಎರಡು ದಿನ ಯೋಚಿಸಿ ಒಪ್ಪಿದಳು. ಲೆಕ್ಕ ಅವಳಿಗೆ ಸರಿಹೋಯಿತು.

ಹಾಗೆ ಋಣದ ಪಾಲು ಕೇಳಿದ್ದು ತಪ್ಪೆಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಆದರೆ ಋಣ ಅಲ್ಲಿಗೆ ತೀರಿತೇ? ಆ ಸಿನಿಮಾದ ಕೊನೆಯಲ್ಲಿ ಗ್ರಬ್ ಮುಂದಾಗಿ ಊರೆಲ್ಲ ಸೇರಿ ಫ್ರೇಲ್‌ನನ್ನೇ ಮರಕ್ಕೆ ನೇತುಹಾಕಲು ಹೊರಟಾಗ, ಅವನ ಕೈಯಲ್ಲಿ ವಾಸಿಯಾದ ಹೆಂಗಸು, ಆ ಹುಡುಗ, ಇಬ್ಬರೂ ತಮ್ಮ ಚಿನ್ನವನ್ನೆಲ್ಲ ಜನರಿಗೆ ಸುರಿದು ಅವನನ್ನು ಬಿಡಿಸಿಕೊಳ್ಳುತ್ತಾರೆ. ಸಿನಿಮಾದವರಿಗೆ ಹಾಗೆ ತೀರಿಸಿಬಿಡುವುದು ಸುಲಭ.

ಹುಡುಗಿ ಹತ್ತನೇ ತರಗತಿ ಪಾಸಾದಳು, ಟೈಲರಿಂಗ್ ಕಲಿತಳು, ಈಗ ಹರಪನಹಳ್ಳಿಯಲ್ಲೇ ಅಂಗಡಿ ಇಟ್ಟಿದ್ದಾಳೆ. ಹೋದ ಸಲ ರವಿಕೆ ಹೊಲಿಸಲು ಹೋದಾಗ ನಾನು ದುಡ್ಡು ತೆಗೆದೆ. ಬೇಡ ಅನ್ನುತ್ತಾಳೆಂದುಕೊಂಡಿದ್ದೆ. ಅವಳು ಎಣಿಸಿ ತೆಗೆದುಕೊಂಡು, "ನರ್ಸಮ್ಮನ ಋಣ, ನರ್ಸಮ್ಮನ ಋಣ ಅಂತ ಅವ್ವ ದಿನಾ ಅಂತಾಳ್ರಿ. ಕೇಳಿ ಕೇಳಿ ಸಾಕಾಗೇತಿ," ಎಂದು ಚಿಲ್ಲರೆ ವಾಪಸು ಕೊಟ್ಟಳು.