ಮರಳಿ ಬರುವ ಕರುಣೆ



ಗಾಯಗೊಂಡವನನ್ನು ಆಸ್ಪತ್ರೆಗೆ ಮುಟ್ಟಿಸಿದೊಡನೆ ನಮ್ಮ ಕರ್ತವ್ಯ ಮುಗಿಯುವುದೇ? ಪ್ರಾಣ ಉಳಿಸುವ ಸಾಧನವನ್ನು ದೇಹದೊಳಗಿರಿಸಿದೊಡನೆ ವೈದ್ಯರ ಹೊಣೆ ತೀರುವುದೇ? ಒಂದು ಪುಟ್ಟ ಲೋಹದ ಜಾಲರಿಯ ಮೂಲಕ ಈ ಪ್ರಶ್ನೆಯನ್ನು ಧ್ಯಾನಿಸೋಣ.

ಮೂಳೆ ಮುರಿದು ಬಹುದಿನ ಮಲಗಿದವರ ಕಾಲಿನ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಕಳಚಿ ಶ್ವಾಸಕೋಶವನ್ನು ಸೇರಿದರೆ ಪ್ರಾಣಾಪಾಯ. ಅದನ್ನು ತಡೆಯುವ ಔಷಧವನ್ನು ಕೊಡಲಾಗದ ರೋಗಿಗಳಿಗೆ, ದೇಹದ ಕೆಳಭಾಗದಿಂದ ಹೃದಯಕ್ಕೆ ರಕ್ತವನ್ನೊಯ್ಯುವ ಮಹಾಸಿರೆಯಲ್ಲಿ ‘ಫಿಲ್ಟರ್’ ಎಂಬ ಜಾಲರಿಯನ್ನು ಇರಿಸುವುದುಂಟು. ಅದು ಕಾವಲುಗಾರ. ಆದರೆ ಕಾಲ ಕಳೆದಂತೆ ಅದರ ತಂತಿಗಳು ಸಿರೆಯ ಗೋಡೆಗೆ ಅಂಟಿಕೊಳ್ಳುತ್ತವೆ. ಕೆಲವೊಮ್ಮೆ ಗೋಡೆಯನ್ನೇ ತೂರುತ್ತವೆ. ಆದುದರಿಂದ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಅಗತ್ಯ ತೀರಿದೊಡನೆ ಅದನ್ನು ತೆಗೆಯುವ ಕುರಿತು ಯೋಚಿಸಬೇಕೆಂದು 2010ರಲ್ಲಿ ವೈದ್ಯರಿಗೆ ಸೂಚಿಸಿತು. ಅಪಾಯ ಕಳೆದವರಲ್ಲಿ, ಇರಿಸಿದ 29ರಿಂದ 54 ದಿನಗಳ ನಡುವೆ ತೆಗೆಯುವುದೇ ಹೆಚ್ಚು ಹಿತವಾಗತೊಡಗುತ್ತದೆಂಬ ಲೆಕ್ಕವನ್ನು 2014ರಲ್ಲಿ ಮುಂದಿಟ್ಟಿತು.

ಶಹಾಬಾದಿನ ಗಣಿಯಲ್ಲಿ ಹಾಸುಗಲ್ಲನ್ನು ಒಮ್ಮೆಲೇ ಜಗ್ಗಿದರೆ ಬಿರುಕು ಬಿಡುತ್ತದೆ. ಮೊದಲು ಪದರ ಬಿಡಿಸಬೇಕು. ಇಲ್ಲಿಯೂ ಹಾಗೆಯೇ. ಜಾಲರಿ ವಾಲಿದೆಯೇ, ಅದರಲ್ಲಿ ಹೆಪ್ಪು ಸಿಕ್ಕಿದೆಯೇ ಎಂದು ವೈದ್ಯರು ಮೊದಲು ಚಿತ್ರ ತೆಗೆದು ನೋಡುತ್ತಾರೆ. ಸಾಮಾನ್ಯವಾಗಿ ಕುತ್ತಿಗೆಯ ಸಿರೆಯ ಮೂಲಕ ಕುಣಿಕೆಯನ್ನು ಇಳಿಸಿ ಕೊಕ್ಕೆಯನ್ನು ಹಿಡಿಯುತ್ತಾರೆ. ಅದರ ಮೇಲೆ ಕೊಳವೆಯನ್ನು ಸರಿಸಿ, ತಂತಿಗಳನ್ನು ಮಡಿಚಿ ಹೊರತರುತ್ತಾರೆ. ಬಾರದಿದ್ದರೆ ಬಲದಿಂದ ಎಳೆಯುವುದು ತರವಲ್ಲ, ಸಿರೆ ಹರಿದೀತು. ಅಲ್ಲಿಗೇ ನಿಲ್ಲಿಸಿ ಹೆಚ್ಚು ಅನುಭವವುಳ್ಳವರ ಬಳಿಗೆ ಕಳುಹಿಸುವುದು ಸೋಲಲ್ಲ, ವಿವೇಕ. ಕೆಲವರಿಗೆ ಅದು ಶಾಶ್ವತವಾಗಿಯೂ ಬೇಕಾಗಬಹುದು.

ತಡವಾದಷ್ಟೂ ಈ ಕೆಲಸ ಕಠಿಣ. ವಾಡಿಯ ಸಿಮೆಂಟ್ ಕಾರ್ಮಿಕನಿಗೆ, ಸೇಡಂ, ಚಿತ್ತಾಪುರ, ಚಿಂಚೋಳಿಯ ತೊಗರಿ ಬೆಳೆವ ರೈತನಿಗೆ ನೋವು ಇಳಿದ ಮೇಲೆ ಕಲಬುರಗಿಗೋ ಹೈದರಾಬಾದಿಗೋ ಮತ್ತೆ ಹೋಗುವುದೆಂದರೆ ಕೂಲಿಯ ನಷ್ಟ, ಬಸ್ಸಿನ ಖರ್ಚು. ಅವನು ಹೋಗದಿದ್ದರೆ ತಪ್ಪು ಅವನೊಬ್ಬನದೇ? ಮರಳಿ ಬರುವ ದಿನವನ್ನು ತಿಳಿಯಾಗಿ ಹೇಳದ ವೈದ್ಯರಿಗೆ, ಚೀಟಿಯನ್ನು ಮೂಲೆಗಿಟ್ಟ ಮನೆಯವರಿಗೆ, ವಿಚಾರಿಸದ ನೆರೆಯವರಿಗೆ ಪಾಲಿಲ್ಲವೇ?

ಸಂತ ಲೂಕನ ಶುಭಸಂದೇಶದ ಸಮಾರಿಯದವನನ್ನು ನೆನೆಯಿರಿ. ಗಾಯ ಕಟ್ಟಿದ್ದು, ಛತ್ರಕ್ಕೆ ಒಯ್ದದ್ದು, ಎರಡು ನಾಣ್ಯ ಕೊಟ್ಟದ್ದು ನಮಗೆಲ್ಲ ನೆನಪಿದೆ. ಮರಳಿ ಬಂದು ಉಳಿದ ಖರ್ಚನ್ನು ತೀರಿಸುವೆನೆಂದು ಅವನು ಮಾತು ಕೊಟ್ಟದ್ದನ್ನು ಮಾತ್ರ ಮರೆಯುತ್ತೇವೆ. ಕರುಣೆ ಪೂರ್ಣವಾಗುವುದು ಆ ಮಾತಿನಲ್ಲಿಯೇ.

ಆದುದರಿಂದ ನಿಮ್ಮ ಮನೆಯಲ್ಲಿ ಯಾರಿಗಾದರೂ ಇಂತಹ ಜಾಲರಿ ಇರಿಸಿದ್ದರೆ, “ಯಾವಾಗ ತೆಗೆಯುತ್ತೀರಿ?” ಎಂದು ಬಿಡುಗಡೆಯ ದಿನವೇ ಕೇಳಿ, ಉತ್ತರವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ನೆರೆಮನೆಯವರಾಗಿದ್ದರೆ ಆ ದಿನ ಜೊತೆಗೆ ಹೋಗಿ. ಅದೂ ಪ್ರಾರ್ಥನೆಯೇ.