ಹೊಳೆ ದಾಟಿ ಬಂದ ಮಾತು

ಭೀಮಾ ಹೊಳೆಯ ಆಚೆ ದಂಡೆಗೆ ನಮ್ಮ ಕಡೆಯ ಹಿರಿಯರು ಈಗಲೂ ‘ಮೊಗಲಾಯಿ’ ಎನ್ನುತ್ತಾರೆ. ಸೊಸೆಯನ್ನು ಮೊಗಲಾಯಿಂದ ತಂದಿರುತ್ತಾರೆ, ಎತ್ತನ್ನು ಮೊಗಲಾಯಿಗೆ ಮಾರಿರುತ್ತಾರೆ. ಮೊಗಲರು ಎಂದೋ ಹೋದರು, ನಿಜಾಮನೂ ಹೋಗಿ ಮುಕ್ಕಾಲು ಶತಮಾನವಾಯಿತು, ಹೆಸರು ಮಾತ್ರ ಹೋಗಿಲ್ಲ. ದೇವರ ಹಿಪ್ಪರಗಿಯಿಂದ ನಸುಕಿಗೆ ಗಾಡಿ ಹೂಡಿದರೆ ಒಂದು ಹಗಲಿನ ದಾರಿ. ಈಚೆ ಸಿಂದಗಿ, ಇಂಡಿ, ಮುದ್ದೇಬಿಹಾಳ. ಇಂಗ್ರೇಜಿಯವರ ಮುಂಬಯಿ ಪ್ರಾಂತ. ಗಡಿಯಾಚೆ ಅಫಜಲಪುರ, ಜೇವರ್ಗಿ, ಸುರಪುರ. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನನ ಹೈದರಾಬಾದ್ ರಾಜ್ಯ. ಈಚೆ ಕಲದಾರ್ ರೂಪಾಯಿ, ಆಚೆ ಹಾಲಿ ಸಿಕ್ಕಾ, ನಡುವೆ ಸುಂಕ ವಸೂಲಿಯ ಕರೋಡಗಿರಿ ನಾಕೆ. ರೊಟ್ಟಿ ಅದೇ, ಬೈಗುಳ ಅದೇ, ಬೀಗರು ಅವರೇ. ಆದರೆ ಆಚೆ ಸಭೆ ಸೇರಬೇಕಾದರೆ ಸರ್ಕಾರದ ಅಪ್ಪಣೆ ಬೇಕು. ‘ಗಸ್ತಿ ನಿಶಾನ್ 53’ ಎಂಬ ಸುತ್ತೋಲೆಯ ಹೆಸರು ಕೇಳಿದರೇ ಆ ಕಾಲದ ವಾಚನಾಲಯದ ಕಾರ್ಯದರ್ಶಿಗಳು ಬೆವರುತ್ತಿದ್ದಿರಬೇಕು.

ಇಂಥ ಗಡಿಯ ಮೇಲೆ ಬೆಳೆದವನಿಗೆ ಒಂದು ಪ್ರಶ್ನೆ ಬಿಡದೆ ಕಾಡುತ್ತದೆ. ತನ್ನ ನಾಡಿನ ದೊರೆಗೆ ಹೆದರಿಯೋ ಎದುರು ನಿಂತೋ ಹೊರಗೆ ಬಂದವನು, ‘ಒಳಗಿರುವ ಜನ ಬಯಸುವುದು ಇದನ್ನೇ’ ಎಂದು ಹೇಳುತ್ತಾನಲ್ಲ, ಆ ಅಧಿಕಾರ ಅವನಿಗೆ ಎಲ್ಲಿಂದ ಬಂತು? ಒಳಗಿನವರು ಓಟು ಹಾಕಿಲ್ಲ, ಬಾಯಿ ಬಿಡುವ ಹಾಗೂ ಇಲ್ಲ. ಅವರ ಮೌನವನ್ನು ಇವನು ತನ್ನ ಕಡೆಯ ಸಾಕ್ಷಿಯಾಗಿ ಬರೆದುಕೊಳ್ಳುತ್ತಾನೆ. ದೊರೆಯೂ ಅದೇ ಮೌನವನ್ನು ತನ್ನ ಕಡೆ ಬರೆದುಕೊಂಡಿರುತ್ತಾನೆ.

ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಕಥೆ ಈ ಪ್ರಶ್ನೆಗೆ ಹೇಳಿ ಮಾಡಿಸಿದಂತಿದೆ. 1938ರಲ್ಲಿ ಅದು ಸರಿಯಾಗಿ ಹುಟ್ಟುವ ಮೊದಲೇ ನಿಷೇಧವಾಯಿತು. ಆ ವರ್ಷವೇ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವಂದೇ ಮಾತರಂ ಹಾಡಿದ್ದಕ್ಕೆ ಹೊರಬಿದ್ದ ಹುಡುಗರು ನಾಗಪುರಕ್ಕೆ ಹೋಗಿ ಓದು ಮುಗಿಸಿದರು. ಆರ್ಯಸಮಾಜದವರು ಸೊಲ್ಲಾಪುರದಲ್ಲಿ ಸೇರಿ ಅಲ್ಲಿಂದ ಸತ್ಯಾಗ್ರಹಿಗಳ ತಂಡಗಳನ್ನು ಒಳಗೆ ಕಳಿಸಿದರು. ಒಬ್ಬ ಅರಸನ ವಿರುದ್ಧದ ಹೋರಾಟಕ್ಕೆ ಇನ್ನೊಬ್ಬ ಅರಸನ, ಅಂದರೆ ಇಂಗ್ರೇಜಿಯವನ, ನೆರಳು! ಈ ವಿಪರ್ಯಾಸ ಆಗ ಯಾರಿಗೂ ಅಷ್ಟೇನೂ ವಿಚಿತ್ರ ಅನಿಸಿದಂತಿಲ್ಲ. ಬಿಸಿಲಲ್ಲಿ ನಿಂತವನು ಮರದ ಜಾತಿ ಕೇಳುವುದಿಲ್ಲ.

ಸ್ಟೇಟ್ ಕಾಂಗ್ರೆಸ್ ಚಳವಳಿಯ ಮುಖಂಡ ಸ್ವಾಮಿ ರಮಾನಂದ ತೀರ್ಥರು ನಮ್ಮ ಸಿಂದಗಿಯಲ್ಲೇ 1903ರಲ್ಲಿ ಹುಟ್ಟಿದವರು, ಪೂರ್ವಾಶ್ರಮದ ಹೆಸರು ವೆಂಕಟೇಶ ಖೇಡಗೀಕರ್. ಅವರು ಹೆಡ್‌ಮಾಸ್ತರರಾಗಿದ್ದ ರಾಷ್ಟ್ರೀಯ ಶಾಲೆ ಇದ್ದದ್ದು ಹಿಪ್ಪರಗಾದಲ್ಲಿ. ನಮ್ಮ ಹಿಪ್ಪರಗಿ ಎಂದು ಹಿಗ್ಗಬೇಡಿ, ಆಗಿನ ಉಸ್ಮಾನಾಬಾದ್ ಕಡೆಯದು. ಅವರ ದಾರಿ ಉಳಿದವರದಕ್ಕೆ ತದ್ವಿರುದ್ಧವಾಗಿತ್ತು ಎಂಬುದು ನನಗೆ ಮುಖ್ಯ. ಜನ ಮೊಗಲಾಯಿಂದ ಈಚೆ ಬಂದರೆ ಇವರು ಈಚೆಯಿಂದ ಮೊಗಲಾಯಿಗೆ ಹೋದರು. 1947ರ ಆಗಸ್ಟ್ 15ರಂದು ದೇಶವೆಲ್ಲ ಪೇಢೆ ಹಂಚುತ್ತಿದ್ದಾಗ ಹೈದರಾಬಾದಿನಲ್ಲಿ ಬಂಧನಕ್ಕೆ ಒಳಗಾದರು. ನಡುವೆ ಬಿಡುಗಡೆ, ಮತ್ತೆ 1948ರ ಜನವರಿಯಲ್ಲಿ ಜೈಲು, ನಿಜಾಮ ಶರಣಾದ ಮೇಲೆಯೇ ಹೊರಗೆ. ಹೊರಗಿನ ಕೆಲಸವನ್ನು ದಿಗಂಬರರಾವ್ ಬಿಂದು ಮುಂದಾಳಾಗಿದ್ದ ಕ್ರಿಯಾ ಸಮಿತಿ ನೋಡಿಕೊಂಡಿತು. ಕನ್ನಡ ಭಾಗಕ್ಕೆ ಗದಗು ನೆಲೆಯಾಯಿತು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿ ಸ್ವಾಮಿಗಳ ಶಿಬಿರ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರದು. ರಾತ್ರಿ ಗಡಿ ದಾಟಿ ಕರೋಡಗಿರಿ ನಾಕೆ ಸುಡುವುದು, ಪೊಲೀಸ್ ಠಾಣೆಯ ಮೇಲೆ ಬೀಳುವುದು, ಬೆಳಗಾಗುವಷ್ಟರಲ್ಲಿ ಈಚೆ.

ಈ ಶಿಬಿರಗಳಿಗೂ ಜಗತ್ತಿನ ಬೇರೆ ದೇಶಭ್ರಷ್ಟ ಚಳವಳಿಗಳಿಗೂ ದೊಡ್ಡ ವ್ಯತ್ಯಾಸವಿದೆ, ಅದು ಕಿಲೋಮೀಟರಿನದಲ್ಲ. ಶಿಬಿರದವನು ಏನಾದರೂ ಹೇಳಿದರೆ ಅದು ಎಂಟು ದಿನದೊಳಗೆ ಪರೀಕ್ಷೆಗೆ ಬೀಳುತ್ತಿತ್ತು. ಇಂಥ ಊರು ನಮ್ಮ ಕಡೆ ಇದೆ ಎಂದ ಅನ್ನಿ. ಸಂತೆಗೆ ಬಂದ ಆ ಊರಿನವನು, ‘ನಿಮ್ಮ ಹುಡುಗರು ಬಂದು ಹೋದ ಮ್ಯಾಲೆ ರಜಾಕಾರರು ಬಂದು ನಮ್ಮ ಬಣಿವಿ ಸುಟ್ಟರು, ಮೊದಲು ಅದಕ್ಕೇನಂತೀರಿ’ ಎಂದು ಕೇಳಬಹುದಿತ್ತು. ರಜಾಕಾರರೆಂದರೆ ನಿಜಾಮನ ಪರದ ಖಾಸಗಿ ದಂಡು. ಮಾತು ಹೊಳೆ ದಾಟಿ ಹೋಗುತ್ತಿತ್ತು, ದಾಟಿ ಬರುತ್ತಲೂ ಇತ್ತು. ಹೊರಗಿದ್ದವನಿಗೆ ಮಾತಾಡುವ ಹಕ್ಕು ಬರುವುದು ಅವನು ಪಟ್ಟ ಕಷ್ಟದಿಂದಲ್ಲ, ತ್ಯಾಗದಿಂದಲೂ ಅಲ್ಲ. ಒಳಗಿನವನು ಅವನಿಗೆ ‘ಸುಳ್ಳು ಹೇಳಬೇಡ’ ಎನ್ನುವ ದಾರಿ ತೆರೆದಿರುವ ತನಕ ಆ ಹಕ್ಕು ಇರುತ್ತದೆ.

ಆ ದಾರಿ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಆಯತುಲ್ಲಾ ಖೊಮೇನಿಯ ಉದಾಹರಣೆ ನೋಡಿ. ನಜಫಿನಿಂದ, ಆಮೇಲೆ ಪ್ಯಾರಿಸ್ ಹತ್ತಿರದ ಹಳ್ಳಿಯೊಂದರಿಂದ, ಅವರ ಭಾಷಣದ ಕ್ಯಾಸೆಟ್ಟುಗಳು ಇರಾನಿನ ಓಣಿ ಓಣಿಗೂ ಹೋದವು. 1979ರ ಫೆಬ್ರವರಿ 1ರಂದು ಅವರು ತೆಹರಾನಿನಲ್ಲಿ ಇಳಿದಾಗ ಕಾದಿದ್ದ ಜನಸಾಗರ ಸುಳ್ಳಲ್ಲ. ಆದರೆ ಕ್ಯಾಸೆಟ್ಟಿಗೆ ಬಾಯಿ ಉಂಟು, ಕಿವಿ ಇಲ್ಲ. ಕೇಳಿದವರೆಲ್ಲ ಅದರಲ್ಲಿ ತಮ್ಮ ತಮ್ಮ ಇರಾನನ್ನು ಕೇಳಿಕೊಂಡರು. ಎಡಪಂಥದವನಿಗೆ ಒಂದು ಕೇಳಿಸಿತು, ಕಾಲೇಜಿನ ಹುಡುಗಿಗೆ ಇನ್ನೊಂದು. ಎದುರು ಪ್ರಶ್ನೆ ಕೇಳುವ ಸರದಿ ಬಂದಾಗ ಕಾಲ ಮೀರಿತ್ತು. ಹೊರಗಿನಿಂದಲೇ ಇರಾಕಿನ ಪರ ಮಾತಾಡಿದ ಅಹ್ಮದ್ ಚಲಬಿಯದು ಇನ್ನೂ ಹಗುರ ಕಥೆ, ಅವರ ಕೇಳುಗರು ಇರಾಕಿನಲ್ಲಿ ಇರಲೇ ಇಲ್ಲ, ವಾಷಿಂಗ್ಟನ್ನಿನಲ್ಲಿದ್ದರು.

ಅಷ್ಟು ದೂರವೇಕೆ, ನಮ್ಮ ಮುಂಡಗೋಡಕ್ಕೇ ಹೋಗಿ. ಬೈಲಕುಪ್ಪೆ, ಮುಂಡಗೋಡಗಳಲ್ಲಿ 1960ರ ದಶಕದಿಂದ ನೆಲೆಸಿರುವ ಟಿಬೆಟನ್ನರು ದೇಶಭ್ರಷ್ಟ ಸಂಸತ್ತಿಗೆ ಓಟು ಹಾಕುತ್ತಾರೆ. ಆ ಸಂಸತ್ತಿನಲ್ಲಿ ಟಿಬೆಟಿನ ಉ-ತ್ಸಾಂಗ್, ಖಾಮ್, ಆಮ್ದೋ ಪ್ರಾಂತಗಳ ಹೆಸರಿನಲ್ಲಿ ಸ್ಥಾನಗಳಿವೆ. ಉತ್ತರ ಕನ್ನಡದಲ್ಲಿ ಹುಟ್ಟಿ, ಮೆಕ್ಕೆಜೋಳ ಬೆಳೆದು, ಖಾಮ್ ನೋಡದೆಯೇ ಮುಪ್ಪಾಗುತ್ತಿರುವವನು ಖಾಮಿನ ಪ್ರತಿನಿಧಿಯನ್ನು ಆರಿಸುತ್ತಾನೆ. ಖಾಮಿನಲ್ಲೇ ಇರುವವನಿಗೆ ಆ ಓಟಿಲ್ಲ. ಇದನ್ನು ನಗೆಗೆ ಹೇಳುತ್ತಿಲ್ಲ. 2011ರಲ್ಲಿ ದಲೈ ಲಾಮಾ ತಮ್ಮ ರಾಜಕೀಯ ಅಧಿಕಾರವನ್ನು ಚುನಾಯಿತರಿಗೆ ಬಿಟ್ಟುಕೊಟ್ಟದ್ದು ಬಹುಶಃ ಈ ಪೇಚನ್ನು ಅರಿತೇ ಇರಬೇಕು. ಒಳಗಿನವರಿಗೆ ಉತ್ತರ ಕೊಡಲು ಆಗದಿದ್ದರೆ ಹೊರಗಿರುವ ನಮ್ಮವರಿಗಾದರೂ ಕೊಡೋಣ ಎಂಬ ಪ್ರಾಮಾಣಿಕತೆ ಅದರಲ್ಲಿ ನನಗೆ ಕಾಣುತ್ತದೆ. ಪೇಚು ಮಾತ್ರ ಹಾಗೆಯೇ ಉಳಿದಿದೆ.

ಹಾಗಾದರೆ ಗಡಿಯ ಶಿಬಿರವೇ ಆದರ್ಶವೇ? ಹಾಗೆ ಹೇಳಿ ಮುಗಿಸಲು ಮನಸ್ಸು ಒಪ್ಪುವುದಿಲ್ಲ. ನನ್ನ ಅಳತೆಗೋಲಿನಲ್ಲೇ ಒಂದು ತೂತಿದೆ.

ಗಡಿ ದಾಟಿ ಬರುತ್ತಿದ್ದ ಸುದ್ದಿ ಯಾರದು? ಓಡಿಬಂದವರದು. ಖಾಸಿಂ ರಜ್ವಿಯ ರಜಾಕಾರರ ಹಾವಳಿಗೆ ಮನೆ ಕಳೆದುಕೊಂಡವರು, ಬೀದರ ಜಿಲ್ಲೆಯ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ಆದಂಥ ಕೊಲೆಗಳನ್ನು ಕಂಡವರು. ಅವರ ಮಾತು ನಿಜವೇ, ಅವರ ಗಾಯವೂ ನಿಜವೇ. ಆದರೆ ಓಡಿಬರದವರ ಮಾತು ಹೊಳೆ ದಾಟಲಿಲ್ಲ. ಹತ್ತೆಕರೆ ಉಳುವ ಬಡ ಮುಸಲ್ಮಾನ ರೈತನಿಗೆ ಮುಂಡರಗಿಗೆ ಬಂದು ಹೇಳುವ ಕಾರಣ ಏನಿತ್ತು? ಬಂದಿದ್ದರೆ ಯಾರು ಕೇಳುತ್ತಿದ್ದರು? ದಲಿತರ ನಾಯಕ ಬಿ. ಶ್ಯಾಮಸುಂದರ್ ನಿಜಾಮನ ಪರವಾಗಿ ವಿಶ್ವಸಂಸ್ಥೆಗೆ ಹೋದ ನಿಯೋಗದಲ್ಲಿದ್ದರು. ಇದನ್ನು ದ್ರೋಹ ಎಂದು ಬಿಟ್ಟುಬಿಡುವುದು ಸುಲಭ. ಅದೇ ಮನುಷ್ಯ 1968ರಲ್ಲಿ ಕಲಬುರಗಿಯಲ್ಲಿ ಭೀಮಸೇನೆ ಕಟ್ಟಿದಾಗ ಅವರ ಭಯ ಎಲ್ಲಿಂದ ಬಂದಿತ್ತೆಂದು ಕೆಲವರಿಗಾದರೂ ತಿಳಿದಿರಬೇಕು. ದೊರೆ ಹೋದರೆ ಊರ ಗೌಡನ ರಾಜ್ಯ ಬರುತ್ತದೆ ಎಂಬ ಭಯ ಅದು. ಶಿಬಿರ ‘ಜನ’ ಎಂದಾಗ ಆ ಮಾತಿನೊಳಗೆ ಶ್ಯಾಮಸುಂದರರ ಕೇರಿ ಇತ್ತೋ ಇಲ್ಲವೋ, ಶಿಬಿರದವರೇ ಗಟ್ಟಿಯಾಗಿ ಹೇಳಲಾರರು.

ಇನ್ನೊಂದು ತೂತು ಆಶ್ರಯ ಕೊಟ್ಟವನದು. 1947ರ ನವೆಂಬರ್ 29ರಂದು ಭಾರತ ಸರ್ಕಾರ ನಿಜಾಮನ ಜೊತೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದ ಮಾಡಿಕೊಂಡಿತು. ಶಿಬಿರದ ಹುಡುಗರು ರಾತ್ರಿ ಗಡಿ ದಾಟುತ್ತಿದ್ದಾರೆ, ದಿಲ್ಲಿಯವರು ಹಗಲು ನಿಜಾಮನ ಮಂತ್ರಿಗಳ ಜೊತೆ ಮಾತಾಡುತ್ತಿದ್ದಾರೆ. ದಿಲ್ಲಿ ಮೋಸ ಮಾಡಿತೆನ್ನಲಾರೆ, ಅದಕ್ಕೆ ತನ್ನದೇ ಲೆಕ್ಕಗಳಿದ್ದವು. ಆದರೆ ಹೊರಗಿನ ಹೋರಾಟಗಾರನ ಗಡಿಯಾರ ಅವನ ಕೈಯಲ್ಲಿರುವುದಿಲ್ಲ. ಗಂಟೆ ಹೊಡೆದದ್ದು 1948ರ ಸೆಪ್ಟೆಂಬರ್ 13ಕ್ಕೆ, ಮೇಜರ್ ಜನರಲ್ ಚೌಧುರಿಯವರ ಸೈನ್ಯದ ಮೂಲಕ. 17ಕ್ಕೆ ಎಲ್ಲ ಮುಗಿಯಿತು. ಸೈನ್ಯ ಹೋದದ್ದಕ್ಕೆ ‘ಪೊಲೀಸ್ ಆಕ್ಷನ್’ ಎಂದು ಹೆಸರಿಟ್ಟರು, ನಮ್ಮವರಿಗೆ ಇವತ್ತಿಗೂ ಅದೇ ಹೆಸರು.

ಆಮೇಲೆ ಆದದ್ದನ್ನು ಉತ್ಸವದ ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ. ನೆಹರೂ ಸರ್ಕಾರವೇ ಕಳಿಸಿದ ಪಂಡಿತ ಸುಂದರಲಾಲರ ಸಮಿತಿ, ಕಾರ್ಯಾಚರಣೆಯ ವೇಳೆ ಮತ್ತು ನಂತರ ಸತ್ತವರ ಸಂಖ್ಯೆ 27,000ದಿಂದ 40,000 ಎಂದು ಅಂದಾಜು ಮಾಡಿತು. ಹೆಚ್ಚಿನವರು ಮುಸಲ್ಮಾನರು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿ, ಬೀದರಗಳೂ ಇದ್ದವು. ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ಶಿಬಿರಗಳು ಇದನ್ನು ಮಾಡಿದವು ಎಂದು ನಾನು ಹೇಳುತ್ತಿಲ್ಲ. ಆದರೆ ಒಳಗಿನವರೆಲ್ಲರ ಪರ ಎಂದು ಮಾತಾಡಿದ ಚಳವಳಿಗೆ, ಆ ‘ಎಲ್ಲರಲ್ಲಿ’ ಕೆಲವರನ್ನು ಕಾಪಾಡುವ ಶಕ್ತಿಯೂ ಇರಲಿಲ್ಲ, ಹಲವರಿಗೆ ಮನಸ್ಸೂ ಇರಲಿಲ್ಲ.

ನನ್ನ ಊರು ಇದಕ್ಕಿಂತ ಹಳೆಯ ದೇಶಾಂತರವನ್ನು ನೆನಪಿಟ್ಟುಕೊಂಡಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣ ಒಡೆದಾಗ ಶರಣರು ವಚನದ ಕಟ್ಟು ಹೊತ್ತು ಉಳವಿಯತ್ತ ಹೊರಟರು. ಬೆನ್ನಟ್ಟಿದ ದಂಡನ್ನು ತಡೆದು ನಿಂತವನು ದೇವರ ಹಿಪ್ಪರಗಿಯ ಮಡಿವಾಳ ಮಾಚಿದೇವ ಎಂಬುದು ಐತಿಹ್ಯ. ಬಟ್ಟೆ ಒಗೆಯುವವನು ಕಾಪಾಡಿದ್ದು ತಾಳೆಗರಿಯನ್ನು. ಕಲ್ಯಾಣದ ಗಾದಿ ನಮಗೆ ಬೇಕು ಎಂದು ಯಾವ ಶರಣನೂ ಪಕ್ಕದ ರಾಜನ ಬಾಗಿಲಿಗೆ ಹೋಗಿ ಸೈನ್ಯ ಕೇಳಿದ ಸುದ್ದಿ ಇಲ್ಲ. ಅದು ಒಂದು ದಾರಿ, ಮನಸ್ಸಿಗೆ ಹಿತವಾದ ದಾರಿ. ಆದರೆ ಆ ದಾರಿಯಲ್ಲಿ ಶತಮಾನಗಳು ಹಿಡಿಯುತ್ತವೆ, 1948ರ ಬೇಸಿಗೆಯಲ್ಲಿ ಮನೆ ಸುಟ್ಟುಹೋದ ರಾಯಚೂರಿನ ರೈತನಿಗೆ ‘ವಚನ ಓದು, ಕಾಯಿ’ ಎನ್ನಲು ನನಗೆ ನಾಲಗೆ ಏಳುವುದಿಲ್ಲ. ಆದ್ದರಿಂದ ಶಿಬಿರದವರನ್ನು ತಪ್ಪೆನ್ನಲಾರೆ.

ಒಳಗಿನವರಿಗೆ ಉತ್ತರ ಕೊಡುವ ಸರದಿ ಬಂದದ್ದು 1952ರ ಚುನಾವಣೆಯಲ್ಲಿ. ರಮಾನಂದ ತೀರ್ಥರನ್ನು ಕಲಬುರಗಿ ಲೋಕಸಭೆಗೆ ಕಳಿಸಿತು. ಕುಷ್ಟಗಿಯ ಮತದಾರರು ಮುಂಡರಗಿ ಶಿಬಿರದ ಶಿವಮೂರ್ತಿ ಸ್ವಾಮಿಗಳನ್ನು ಆರಿಸಿದರು, ಅದೂ ಕಾಂಗ್ರೆಸ್ಸಿನಿಂದಲ್ಲ, ಪಕ್ಷೇತರರಾಗಿ. ಅತ್ತ ನಲ್ಗೊಂಡದಲ್ಲಿ, ಗಡಿಯಾಚೆ ಹೋಗದೆ ಒಳಗೇ ಬಂದೂಕು ಹಿಡಿದಿದ್ದ ಕಮ್ಯುನಿಸ್ಟರ ರಾವಿ ನಾರಾಯಣ ರೆಡ್ಡಿ ನೆಹರೂಗಿಂತ ಹೆಚ್ಚು ಓಟು ಪಡೆದರು. ಜನರ ಉತ್ತರ ಒಂದೇ ಸೂತ್ರಕ್ಕೆ ಸಿಗಲಿಲ್ಲ. ಒಳಗಿದ್ದವನನ್ನೂ ಒಪ್ಪಿದರು, ಹೊರಗಿದ್ದವನನ್ನೂ ಒಪ್ಪಿದರು, ಮುಖ ನೋಡಿ ಒಪ್ಪಿದರು. ನಿಜಾಮ ಮಾತ್ರ ಇಷ್ಟರ ನಡುವೆಯೂ 1956ರ ತನಕ ರಾಜಪ್ರಮುಖನಾಗಿ ಸಂಬಳ ಎಣಿಸುತ್ತ ಕೂತಿದ್ದ. ಅವನ ಪ್ರಧಾನಿ ಲಾಯಕ್ ಅಲಿ 1950ರಲ್ಲಿ ತಪ್ಪಿಸಿಕೊಂಡು ಪಾಕಿಸ್ತಾನ ಸೇರಿದ, ಜೈಲು ಮುಗಿಸಿದ ರಜ್ವಿಯೂ 1957ರಲ್ಲಿ ಅತ್ತಲೇ ಹೋದ. ದೇಶಭ್ರಷ್ಟರಾಗುವ ಸರದಿ ಈಗ ಅವರದು. ಕರಾಚಿಗೆ ಭೀಮಾ ಹೊಳೆ ಇರಲಿಲ್ಲ.

ಸೆಪ್ಟೆಂಬರ್ 17 ಬಂದರೆ ಆಚೆ ದಂಡೆಯಲ್ಲಿ ಬಾವುಟ ಏರುತ್ತದೆ. ಮೊದಲು ವಿಮೋಚನಾ ದಿನ, ಈಗ ಕಲ್ಯಾಣ ಕರ್ನಾಟಕ ಉತ್ಸವ. ಸಂವಿಧಾನದ 371 (ಜೆ) ಕಲಮಿನ ಮೀಸಲಾತಿಯೂ ಆಚೆಗೇ. ಈ ಏಳನೆಯ ನಿಜಾಮನಿಗೆ ಎಂದೂ ಸೇರದ, ಮದ್ರಾಸ್ ಪ್ರಾಂತದಲ್ಲಿದ್ದ ಬಳ್ಳಾರಿಗೂ ಅದು ಸಿಕ್ಕಿದೆ. ಈಚೆ ನಮ್ಮಲ್ಲಿ ಆ ದಿನ ಸಾಲಿ ಇರುತ್ತದೆ, ಕಚೇರಿ ಇರುತ್ತದೆ. ಓಡಿಬಂದ ಬೀಗರಿಗೆ ಹಗೇವು ತೆಗೆದು ಜೋಳ ಅಳೆದು ಕೊಟ್ಟ ಮನೆಗಳ ಮಕ್ಕಳು ನೌಕರಿಯ ಅರ್ಜಿ ತುಂಬುವಾಗ ‘ಕಲ್ಯಾಣ ಕರ್ನಾಟಕದವರೇ?’ ಎಂಬ ಕಾಲಮಿನ ಮುಂದೆ ಒಂದು ಗಳಿಗೆ ಪೆನ್ನು ನಿಲ್ಲಿಸುತ್ತಾರೆ. ಆಮೇಲೆ ‘ಅಲ್ಲ’ ಎಂದು ಬರೆಯುತ್ತಾರೆ. ರಮಾನಂದ ತೀರ್ಥರು ಹುಟ್ಟಿದ ಸಿಂದಗಿಯ ಹುಡುಗರೂ ಅದನ್ನೇ ಬರೆಯಬೇಕು.