ಹಿಮದ ಮೇಲೆ ಶಿವನ ನೆರಳು

ಕೈಲಾಸದ ಚಿತ್ರ ಬರೆಯುವವನಿಗೆ ತೊಡಕಾಗುವುದು ಶಿವನ ಮುಖವಲ್ಲ, ಪಾದ. ಸುತ್ತ ಹಿಮ, ಎಲ್ಲ ಬೆಳ್ಳಗೆ. ಕಾಲಿನ ಬುಡಕ್ಕೆ ನೆರಳು ಕೊಡದಿದ್ದರೆ ಆಕೃತಿ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ. ಕೊಟ್ಟರೆ, ದೇವರಿಗೆ ನೆರಳುಂಟೆ ಎಂಬ ಪ್ರಶ್ನೆ ಏಳುತ್ತದೆ.

ನಾನು ಕಮಲಾಪುರದ ಡ್ರಾಯಿಂಗ್ ಮಾಸ್ತರ. ನಮ್ಮದು ಕೆಂಪು ಬಾಳೆಯ ಊರು, ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲು. ಹಿಮ ಕಂಡದ್ದು ಸಿನಿಮಾದಲ್ಲಷ್ಟೇ. ಆದರೂ ಹಿಮದ ನೆರಳಿನ ಬಣ್ಣ ಕಲಿಯಲು ಹಿಮಾಲಯಕ್ಕೆ ಹೋಗಬೇಕಿಲ್ಲ. ಮೋಡವಿಲ್ಲದ ದಿನ, ಹೊಸದಾಗಿ ಸುಣ್ಣ ಬಳಿದ ಗೋಡೆಯ ಮೇಲೆ ಬೇವಿನ ಟೊಂಗೆಯ ನೆರಳು ನೋಡಿರಿ. ಬಿಸಿಲು ತಾಗದ ಜಾಗಕ್ಕೆ ಆಕಾಶದ ಬೆಳಕಷ್ಟೇ ಬೀಳುವುದರಿಂದ ಅಲ್ಲಿ ತೆಳು ನೀಲಿ ಏರಿರುತ್ತದೆ. ಆ ನೀಲಿಯೇ ಹಿಮಕ್ಕೂ ಬೇಕು. ಕಪ್ಪು ಬೆರೆಸಿದರೆ ಹಿಮ ಕೊಳೆಯಾಗುತ್ತದೆ.

ಕಲಬುರಗಿಯ ಎಸ್.ಎಂ. ಪಂಡಿತರು (1916–1993) ಮುಂಬೈಯಲ್ಲಿ ಸಿನಿಮಾ ಪೋಸ್ಟರ್ ಬರೆದವರು, ಕ್ಯಾಲೆಂಡರಿನಿಂದ ದೇವರನ್ನು ಮನೆಮನೆಯ ಗೋಡೆಗೆ ತಂದವರು. ಅವರ ದೇವರಿಗೆ ಮಾಂಸಖಂಡವಿದೆ, ತೂಕವಿದೆ. ದೇವರು ಪೈಲ್ವಾನನಾದ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಹಿಡಿಸಿದ್ದು ಆ ತೂಕವೇ.

ಒಮ್ಮೆ ತರಗತಿಯಲ್ಲಿ ಹುಡುಗಿಯೊಬ್ಬಳು ಕೇಳಿದಳು: “ಸರ, ಬರೇ ಮೈಲೇ ಕುಂತಾನಲ್ರಿ, ಶಿವಗ ಥಂಡಿ ಹತ್ತಂಗಿಲ್ಲೇನ್ರಿ?” ಹತ್ತುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಥಂಡಿಯೇ ಹತ್ತದವನು ಹಿಮದಲ್ಲಿ ಕೂತರೆ ಅದೆಂಥ ತಪಸ್ಸು?

ಪುರಾಣ ನನ್ನ ಪರವಾಗಿಲ್ಲ, ಬಲ್ಲೆ. ದಮಯಂತಿಯ ಸ್ವಯಂವರಕ್ಕೆ ನಳನ ರೂಪದಲ್ಲೇ ಬಂದ ನಾಲ್ವರು ದೇವತೆಗಳು ಎವೆ ಮಿಟುಕಿಸಲಿಲ್ಲ, ಬೆವರಲಿಲ್ಲ, ನೆಲ ಮುಟ್ಟಲಿಲ್ಲ. ನೆರಳು, ಧೂಳು, ಬೆವರು, ಬಾಡಿದ ಮಾಲೆ ಇದ್ದವನು ನಳನೊಬ್ಬನೇ. ಅವಳು ವರಿಸಿದ್ದೂ ಅವನನ್ನೇ ಅನ್ನಿ.

ಆದರೆ ನಮ್ಮ ಸೀಮೆಯ ಭಕ್ತಿ ಬೇರೆ ದಾರಿಯದು. ಶರಣರು ದೇವರನ್ನು ನಡೆದಾಡುವ ಜಂಗಮನಲ್ಲಿ ಕಂಡರು. ನಡೆಯುವವನ ಹೆಜ್ಜೆ ಮೂಡಲೇಬೇಕಲ್ಲ? ಕಲಬುರಗಿಯ ಶರಣಬಸವೇಶ್ವರರ ಗುಡಿಯಲ್ಲಿ ನಾವು ಕೈಮುಗಿಯುವುದು ಇದೇ ನೆಲದ ಮೇಲೆ ಓಡಾಡಿ, ಹಸಿದು ಬಂದವರಿಗೆ ದಾಸೋಹ ನಡೆಸಿದ ಮನುಷ್ಯನಿಗೆ. ಆತನಿಗೆ ನೆರಳಿತ್ತು, ಹಸಿವೂ ಇತ್ತು. ಅದರಿಂದ ಆತನ ದೊಡ್ಡಸ್ತಿಕೆಗೆ ಏನೂ ಕಡಿಮೆಯಾಗಲಿಲ್ಲ.

ಹಾಗಾಗಿ ನಾನು ಶಿವನಿಗೆ ನೆರಳು ಕೊಡುತ್ತೇನೆ, ಅವನ ಪಾದದಡಿಯ ಹಿಮವನ್ನು ಬೆರಳಷ್ಟು ತಗ್ಗಿಸುತ್ತೇನೆ. ಶಾಸ್ತ್ರ ಬಲ್ಲವರು ತಪ್ಪೆನ್ನಲಿ. ನೆರಳಿದೆ ಎಂದು ಚಿತ್ರ ಮರಳಿಸಿದ ಭಕ್ತರು ಇದುವರೆಗೆ ಒಬ್ಬರೂ ಇಲ್ಲ.